ಮೊದಲ ಸೂಜಿ ತನಗೇ ಚುಚ್ಚಿಸಿಕೊಂಡ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್

ಇಲಿ ಬಿತ್ತೆಂದರೆ ಊರು ಬಿಡಬೇಕು. ಸುಮಾರು ನೂರಿಪ್ಪತ್ತೈದು ವರ್ಷಗಳ ಹಿಂದೆ ಸೋಲಾಪುರ, ಬೆಳಗಾವಿ, ಧಾರವಾಡ ಸೀಮೆಯಿಂದ ಹಿಡಿದು ಮೈಸೂರು, ಕೊಯಮತ್ತೂರಿನವರೆಗೆ ಹಳ್ಳಿಗಳ ಜನ ಕಲಿತಿದ್ದ ಪಾಠ ಇದು. ಮನೆಯ ಅಟ್ಟದಿಂದ ಸತ್ತ ಇಲಿಯೊಂದು ಕೆಳಗೆ ಬಿದ್ದರೆ ಸಾಕು, ಪಾತ್ರೆ ಪಡಗ ಕಟ್ಟಿಕೊಂಡು, ದನ ಕರು ಹೊಡೆದುಕೊಂಡು, ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಕಾಲ ಕಳೆಯುತ್ತಿದ್ದರು. ಬೆಂಗಳೂರಿನ ಪ್ಲೇಗಮ್ಮನ ಗುಡಿ, ಕೊಯಮತ್ತೂರಿನ ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ದಿನಗಳ ಭಯಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ.

ಆ ಮಹಾಮಾರಿಗೆ ಲಸಿಕೆಯೊಂದನ್ನು ಕಂಡುಹಿಡಿದವರು ನಮ್ಮ ದೇಶದವರಲ್ಲ, ಆಳುತ್ತಿದ್ದ ಬ್ರಿಟಿಷರೂ ಅಲ್ಲ. ಅವರು ವೈದ್ಯ ಪದವಿಯನ್ನೂ ಪಡೆದವರಲ್ಲ. ಕಪ್ಪು ಸಮುದ್ರದ ದಡದ ಒಡೆಸ್ಸಾ ಎಂಬ ಊರಿನಲ್ಲಿ ಹುಟ್ಟಿದ ಯೆಹೂದಿ ಪ್ರಾಣಿಶಾಸ್ತ್ರಜ್ಞ ವಾಲ್ಡೆಮಾರ್ ಹಾಫ್‌ಕಿನ್. ಮುಂಬಯಿಯ ಪರೇಲ್‌ನಲ್ಲಿರುವ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್‌ನ ಹೆಸರು ಹಲವರಿಗೆ ಗೊತ್ತು. ಅದರ ಹಿಂದಿರುವ ಮನುಷ್ಯ ಯಾರು, ಅವರು ಪಟ್ಟ ಪಾಡೇನು ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ರೋಗದಿಂದ ಹೆಚ್ಚು ಸಾಯುವವರು ಬಡವರಾಗಿರುವಾಗ ಸಂಶೋಧನೆಯೂ ಅವರ ನಡುವೆಯೇ ನಡೆಯಬೇಕು, ಅದರ ಫಲವೂ ಅವರಿಗೇ ಮೊದಲು ಸಿಗಬೇಕು ಎಂಬ ಮಾತನ್ನು ಇಂದು ಎಲ್ಲರೂ ಆಡುತ್ತಾರೆ. ಹಾಫ್‌ಕಿನ್ ಅದನ್ನು 1890ರ ದಶಕದಲ್ಲೇ ಮಾಡಿ ತೋರಿಸಿದರು. ಅದಕ್ಕೆ ದುಬಾರಿ ಬೆಲೆಯನ್ನೂ ತೆತ್ತರು.

ಒಡೆಸ್ಸಾದಿಂದ ಪ್ಯಾರಿಸ್‌ಗೆ

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು. ಆಗ ಒಡೆಸ್ಸಾ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ತಂದೆ ಯೆಹೂದಿ ವ್ಯಾಪಾರಿ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕೋವ್ ಎಂಬ ಹೆಸರಾಂತ ಜೀವವಿಜ್ಞಾನಿ ಅವರಿಗೆ ಗುರುವಾದರು. ದೇಹದ ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗಿ ಹಾಕುತ್ತವೆ ಎಂದು ತೋರಿಸಿಕೊಟ್ಟು 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಇದೇ ಮೆಚ್ನಿಕೋವ್.

ಅಂದಿನ ರಷ್ಯದಲ್ಲಿ ಯೆಹೂದಿಗಳ ಮೇಲೆ ಪದೇ ಪದೇ ಗುಂಪು ಹಲ್ಲೆಗಳು ನಡೆಯುತ್ತಿದ್ದವು. ಒಡೆಸ್ಸಾದಲ್ಲಿ ತಮ್ಮವರ ಮನೆಗಳನ್ನು ಕಾಯಲು ಹೋದ ಯುವಕ ಹಾಫ್‌ಕಿನ್ ಗಾಯಗೊಂಡು ಬಂಧನಕ್ಕೂ ಒಳಗಾದರು. ಗುರುಗಳು ಮಧ್ಯೆ ಬಂದುದರಿಂದ ಬಿಡುಗಡೆಯಾಯಿತು. ಓದು ಮುಗಿದ ಮೇಲೂ ವಿಶ್ವವಿದ್ಯಾಲಯದಲ್ಲಿ ಮೇಲಿನ ಹುದ್ದೆ ಸಿಗಬೇಕಾದರೆ ಕ್ರೈಸ್ತ ಧರ್ಮಕ್ಕೆ ಸೇರಬೇಕಿತ್ತು. ಹಾಫ್‌ಕಿನ್ ಒಪ್ಪಲಿಲ್ಲ. ಊರಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಕೆಲಕಾಲ ಕೆಲಸ ಮಾಡಿ, 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಕೆಲಸ ಮಾತ್ರ. ಪುಸ್ತಕ ಜೋಡಿಸುವ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಪ್ರಯೋಗಾಲಯದಲ್ಲಿ ಕುಳಿತು ಕಾಲರಾ ರೋಗಾಣುವಿನ ಮೇಲೆ ಕೆಲಸ ಶುರು ಮಾಡಿದರು.

ಕಾಲರಾ ಎಂದರೆ ವಾಂತಿಭೇದಿ. ಬೆಳಗ್ಗೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಸಂಜೆಗೆ ಹೆಣವಾಗುವ ರೋಗ. ಹಾಫ್‌ಕಿನ್ ಪ್ರಾಣಿಗಳ ದೇಹದಲ್ಲಿ ರೋಗಾಣುವಿನ ಬಲವನ್ನು ಹೆಚ್ಚಿಸಿ, ಇನ್ನೊಂದು ಬಗೆಯನ್ನು ದುರ್ಬಲಗೊಳಿಸಿ, ಮೊದಲು ದುರ್ಬಲವಾದದ್ದನ್ನೂ ಕೆಲ ದಿನಗಳ ನಂತರ ಬಲವಾದದ್ದನ್ನೂ ಚುಚ್ಚುವ ಕ್ರಮವನ್ನು ರೂಪಿಸಿದರು. ಪ್ರಾಣಿಗಳಲ್ಲಿ ಅದು ಫಲ ಕೊಟ್ಟಿತು. ಮನುಷ್ಯನ ಮಾತೇನು? 1892ರ ಜುಲೈ 18ರಂದು ಅವರು ಆ ಲಸಿಕೆಯನ್ನು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವು ಬಂತು, ಕೆಲ ದಿನಗಳಲ್ಲಿ ಇಳಿಯಿತು. ಆಮೇಲಷ್ಟೇ ಸ್ನೇಹಿತರಿಗೆ ಚುಚ್ಚಿದರು.

ಆದರೆ ಪ್ಯಾರಿಸ್‌ನಲ್ಲಿ ಕುಳಿತು ಲಸಿಕೆ ಕೆಲಸ ಮಾಡುತ್ತದೆಂದು ಸಾಬೀತು ಮಾಡುವುದು ಹೇಗೆ? ರೋಗ ಇರುವ ಕಡೆಗೇ ಹೋಗಬೇಕು. ಆಗ ಪ್ಯಾರಿಸ್‌ನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು ಲಾರ್ಡ್ ಡಫರಿನ್. ಹಿಂದೆ ಭಾರತದ ವೈಸರಾಯ್ ಆಗಿದ್ದ ಅವರು ಹಾಫ್‌ಕಿನ್‌ಗೆ ಭಾರತದ ದಾರಿ ತೋರಿಸಿದರು. 1893ರ ಮಾರ್ಚ್‌ನಲ್ಲಿ ಹಾಫ್‌ಕಿನ್ ಕಲ್ಕತ್ತೆಗೆ ಬಂದಿಳಿದರು.

ಬಸ್ತಿಯ ಕೆರೆಯ ದಡದಲ್ಲಿ

ಬಂದ ಹೊಸತರಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ಬ್ರಿಟಿಷ್ ವೈದ್ಯಾಧಿಕಾರಿಗಳಿಗೆ ಇವರು ವೈದ್ಯರೇ ಅಲ್ಲ ಎಂಬ ತಾತ್ಸಾರ. ರಷ್ಯದಿಂದ ಬಂದವರೆಂಬ ಅನುಮಾನ ಬೇರೆ. ಜನಸಾಮಾನ್ಯರಿಗೆ ಸೂಜಿಯ ಭಯ, ಸರ್ಕಾರದ ಭಯ. ಹಾಫ್‌ಕಿನ್ ಉತ್ತರ ಭಾರತದ ದಂಡು ಪ್ರದೇಶಗಳನ್ನು, ಜೈಲುಗಳನ್ನು, ಊರುಗಳನ್ನು ಸುತ್ತಿದರು. ಮೊದಲ ವರ್ಷದಲ್ಲೇ 22 ಸಾವಿರಕ್ಕೂ ಹೆಚ್ಚು ಮಂದಿ ಸ್ವಇಚ್ಛೆಯಿಂದ ಸೂಜಿ ಹಾಕಿಸಿಕೊಂಡರು.

1894ರ ಮಾರ್ಚ್ ಕೊನೆಯಲ್ಲಿ ಕಲ್ಕತ್ತೆ ನಗರದ ಆರೋಗ್ಯಾಧಿಕಾರಿ ಡಾ. ಸಿಂಪ್ಸನ್ ಅವರನ್ನು ಕತ್ತಲ್ ಬಾಗನ್ ಎಂಬ ಬಸ್ತಿಗೆ ಕರೆದುಕೊಂಡು ಹೋದರು. ಎರಡು ಕೆರೆಗಳ ಸುತ್ತ ಗುಡಿಸಲು ಕಟ್ಟಿಕೊಂಡು ಸುಮಾರು 200 ಮಂದಿ ಬದುಕುತ್ತಿದ್ದ ಜಾಗ ಅದು. ಕುಡಿಯುವುದು, ತೊಳೆಯುವುದು ಎಲ್ಲಾ ಅದೇ ನೀರಿನಲ್ಲಿ. ಆಗಷ್ಟೇ ಕಾಲರಾದಿಂದ ಸಾವುಗಳಾಗಿದ್ದವು. ಆ 200 ಮಂದಿಯಲ್ಲಿ 116 ಮಂದಿ ಸೂಜಿ ಹಾಕಿಸಿಕೊಳ್ಳಲು ಒಪ್ಪಿದರು. ಉಳಿದವರು ಒಪ್ಪಲಿಲ್ಲ, ಅವರನ್ನು ಯಾರೂ ಬಲವಂತ ಮಾಡಲಿಲ್ಲ. ಮುಂದಿನ ದಿನಗಳಲ್ಲಿ ಬಸ್ತಿಯಲ್ಲಿ ಮತ್ತೆ 10 ಮಂದಿ ಕಾಯಿಲೆ ಬಿದ್ದರು, ಅವರಲ್ಲಿ 7 ಮಂದಿ ತೀರಿಕೊಂಡರು. ಈ ಹತ್ತೂ ಮಂದಿ ಸೂಜಿ ಹಾಕಿಸಿಕೊಳ್ಳದವರೇ!

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಒಂದೇ ಕೆರೆಯ ನೀರು ಕುಡಿಯುವ, ಒಂದೇ ಬಗೆಯ ಗುಡಿಸಲಲ್ಲಿ ಮಲಗುವ, ಒಂದೇ ಬಗೆಯ ಅನ್ನ ಉಣ್ಣುವ ಜನರಲ್ಲಿ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ್ದು ಹಾಫ್‌ಕಿನ್ ಅವರ ದೊಡ್ಡ ಕೊಡುಗೆ. ಬಂಗಲೆಯಲ್ಲಿರುವವನಿಗೆ ಲಸಿಕೆ ಕೊಟ್ಟು, ಬಸ್ತಿಯವನಿಗೆ ಕೊಡದೆ, ಬಂಗಲೆಯವನು ಬದುಕಿದ ಎಂದರೆ ಅದು ಲಸಿಕೆಯ ಗುಣವೋ ಬಂಗಲೆಯ ಗುಣವೋ ಹೇಳಲಾಗದು. ಹಾಗಾಗಿಯೇ ಅವರು ಲೆಕ್ಕ ಬರೆಯಲು ಬಸ್ತಿಗಳಿಗೇ ಹೋದರು. ಸಂಶೋಧನೆ ಬಡವರ ಬಾಗಿಲಿಗೆ ಬಂದದ್ದು ಹೀಗೆ. ಈ ಕೆಲಸದಲ್ಲಿ ಕಲ್ಕತ್ತೆಯ ಬಂಗಾಳಿ ವೈದ್ಯರು ಅವರ ಜೊತೆ ಬಸ್ತಿ ಬಸ್ತಿ ತಿರುಗಿದರು. ಜನರೊಡನೆ ಜನರ ಭಾಷೆಯಲ್ಲೇ ಮಾತನಾಡಬಲ್ಲವರು ಅವರೇ ಆಗಿದ್ದರು.

ಎರಡು ವರ್ಷ ಐದು ತಿಂಗಳಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿದ ಹಾಫ್‌ಕಿನ್, 1895ರಲ್ಲಿ ಮಲೇರಿಯಾ ಹಿಡಿದು ಬಳಲಿ ಯುರೋಪಿಗೆ ಮರಳಿದರು. ಅಲ್ಲಿ ಸುಧಾರಿಸಿಕೊಂಡು 1896ರಲ್ಲಿ ಮತ್ತೆ ಬಂದರು. ಆ ಹೊತ್ತಿಗೆ ಮುಂಬಯಿಯಲ್ಲಿ ಇನ್ನೊಂದು ಮಾರಿ ಕಾಲಿಟ್ಟಿತ್ತು.

ಕಾಲೇಜಿನ ಓಣಿಯಲ್ಲಿ ಪ್ರಯೋಗಾಲಯ

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿ ಪ್ರದೇಶದಲ್ಲಿ ಜ್ವರ ಬಂದು, ತೊಡೆಸಂದಿಯಲ್ಲಿ ಗಂಟು ಕಟ್ಟಿ ಜನ ಸಾಯತೊಡಗಿದರು. ಇದು ಪ್ಲೇಗು ಎಂದು ಮೊದಲು ಗುರುತಿಸಿದವರು ಗೋವೆಯ ಅರ್ಪೋರಾದಲ್ಲಿ ಹುಟ್ಟಿದ ವೈದ್ಯ ಡಾ. ಅಕಾಸಿಯೊ ವಿಯೆಗಾಸ್. ನೋಡನೋಡುತ್ತಿದ್ದಂತೆ ಅರ್ಧ ಮುಂಬಯಿ ಖಾಲಿಯಾಯಿತು. ಗಿರಣಿಗಳು ನಿಂತವು. ರೈಲು ಹತ್ತಿ ಊರಿಗೆ ಓಡಿದ ಜನರ ಹಿಂದೆಯೇ ರೋಗವೂ ಪುಣೆ, ಸೋಲಾಪುರ, ಬೆಳಗಾವಿ, ಧಾರವಾಡದ ಕಡೆಗೆ ಹೊರಟಿತು.

ಸರ್ಕಾರದ ಕರೆಯ ಮೇರೆಗೆ ಅಕ್ಟೋಬರ್‌ನಲ್ಲಿ ಹಾಫ್‌ಕಿನ್ ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಓಣಿಯೊಂದರಲ್ಲಿ ಅವರಿಗೆ ಜಾಗ ಕೊಟ್ಟರು. ಸಹಾಯಕರು ಬೆರಳೆಣಿಕೆಯಷ್ಟು. ಹಗಲು ರಾತ್ರಿಯ ದುಡಿತ ತಾಳಲಾರದೆ ಒಬ್ಬ ಸಹಾಯಕ ಮನಸ್ಸಿನ ಸ್ಥಿಮಿತ ಕಳೆದುಕೊಂಡ, ಇನ್ನಿಬ್ಬರು ಕೆಲಸ ಬಿಟ್ಟು ಹೋದರು. ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು.

ಅದನ್ನು ಮಾಡಿದ ಬಗೆ ಕುತೂಹಲಕಾರಿ. ಮಾಂಸದ ಸಾರಿನಲ್ಲಿ ರೋಗಾಣುವನ್ನು ಬೆಳೆಸಿ, ಮೇಲೆ ಕೆಲವು ಹನಿ ತುಪ್ಪ ತೇಲಿಬಿಡುತ್ತಿದ್ದರು. ತುಪ್ಪದ ಹನಿಗಳನ್ನೇ ಆಸರೆ ಮಾಡಿಕೊಂಡು ರೋಗಾಣುಗಳು ಆಲದ ಬಿಳಲುಗಳಂತೆ ಕೆಳಕ್ಕೆ ಇಳಿಬೀಳುತ್ತಿದ್ದವು. ಸೀಸೆಯನ್ನು ಅಲುಗಾಡಿಸಿ ಅವನ್ನು ತಳಕ್ಕೆ ಬೀಳಿಸುವುದು, ಮತ್ತೆ ಹೊಸ ಬಿಳಲು ಬೆಳೆಯಲು ಬಿಡುವುದು, ಹೀಗೆ ಐದಾರು ವಾರ ನಡೆಯಬೇಕು. ಕೊನೆಗೆ ಬಿಸಿ ಮಾಡಿ ರೋಗಾಣುಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದರು. ಸತ್ತ ರೋಗಾಣು ರೋಗ ತರಲಾರದು. ಆದರೆ ದೇಹಕ್ಕೆ ಶತ್ರುವಿನ ಗುರುತು ಹಿಡಿಸಬಲ್ಲದು. ಹಿಂದೂಗಳಿಗೂ ಮುಸಲ್ಮಾನರಿಗೂ ನೋವಾಗದಿರಲೆಂದು ದನದ ಮಾಂಸ, ಹಂದಿಯ ಮಾಂಸ ಬಿಟ್ಟು ಆಡಿನ ಮಾಂಸವನ್ನೇ ಬಳಸಿದರು. ಯಾರ ಮೈಗೆ ಸೂಜಿ ಚುಚ್ಚಬೇಕೋ ಅವರ ನಂಬಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಲಸಿಕೆ ಸೀಸೆಯಲ್ಲೇ ಉಳಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು.

1897ರ ಜನವರಿ 10ರಂದು ಹಾಫ್‌ಕಿನ್ ಪ್ಲೇಗಿನ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಜನರಿಗೆ ಆಮೇಲೆ ಗೊತ್ತು ಮಾಡಿದ ಪ್ರಮಾಣಕ್ಕಿಂತ ಹೆಚ್ಚಿನದನ್ನೇ ತೆಗೆದುಕೊಂಡರು. ಜ್ವರ, ನೋವು ಕಾಡಿದರೂ ಕೆಲಸ ನಿಲ್ಲಿಸಲಿಲ್ಲ.

ಅದೇ ತಿಂಗಳ ಕೊನೆಯಲ್ಲಿ ಮುಂಬಯಿಯ ಬೈಕುಲ್ಲಾ ಜೈಲಿಗೆ ಪ್ಲೇಗು ನುಗ್ಗಿತು. ಲಸಿಕೆ ಎಂದರೇನು ಎಂದು ತಿಳಿಸಿದ ಮೇಲೆ ಸುಮಾರು 150 ಕೈದಿಗಳು ಒಪ್ಪಿ ಮುಂದೆ ಬಂದರು. ಉಳಿದವರಲ್ಲಿ 12 ಮಂದಿಗೆ ಪ್ಲೇಗು ತಗುಲಿ 6 ಮಂದಿ ಸತ್ತರು. ಸೂಜಿ ಹಾಕಿಸಿಕೊಂಡವರಲ್ಲಿ ಇಬ್ಬರಿಗಷ್ಟೇ ರೋಗ ಬಂತು, ಇಬ್ಬರೂ ಬದುಕಿಕೊಂಡರು.

ಆಗ ಪೋರ್ಚುಗೀಸರ ವಶದಲ್ಲಿದ್ದ ದಮನ್‌ನಲ್ಲಿ ಇನ್ನೂ ದೊಡ್ಡ ಲೆಕ್ಕ ಸಿಕ್ಕಿತು. ಅಲ್ಲಿ ಲಸಿಕೆ ಪಡೆಯದ 6,033 ಮಂದಿಯಲ್ಲಿ 1,482 ಮಂದಿ, ಅಂದರೆ ನಾಲ್ವರಲ್ಲಿ ಒಬ್ಬರಂತೆ ಸತ್ತರು. ಲಸಿಕೆ ಪಡೆದ 2,197 ಮಂದಿಯಲ್ಲಿ ಸತ್ತವರು 36. ಬರೋಡಾ ಬಳಿಯ ಉಂಢೇರಾ ಎಂಬ ಹಳ್ಳಿಯಲ್ಲಿ 1898ರಲ್ಲಿ ಪ್ರತಿ ಮನೆಯಲ್ಲೂ ಅರ್ಧ ಮಂದಿಗೆ ಲಸಿಕೆ ಹಾಕಿ ನೋಡಲಾಯಿತು. ಲಸಿಕೆಯಿಲ್ಲದ 64 ಮಂದಿಯಲ್ಲಿ 26 ಮಂದಿ ಸತ್ತರೆ, ಲಸಿಕೆ ಪಡೆದ 71 ಮಂದಿಯಲ್ಲಿ 3 ಮಂದಿ ಸತ್ತರು. ಲಸಿಕೆ ಪೂರ್ತಿ ರಕ್ಷೆಯಲ್ಲ, ಅದರ ಬಲ ಕೆಲವು ತಿಂಗಳು ಮಾತ್ರ ಎಂಬುದೂ ಸ್ಪಷ್ಟವಾಯಿತು. ಆದರೆ ಸಾವನ್ನು ತಡೆಯುವುದರಲ್ಲಿ ಅದರ ಗುಣ ಎದ್ದು ಕಂಡಿತು.

ಬಲವಂತವೋ, ಮನವೊಲಿಕೆಯೋ?

ಅಂದಿನ ಸರ್ಕಾರಕ್ಕೆ ಗೊತ್ತಿದ್ದ ದಾರಿ ಬೇರೆಯೇ ಆಗಿತ್ತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. 2020ರಲ್ಲಿ ಕೊರೊನಾ ಬಂದಾಗ ಸರ್ಕಾರಗಳು ಬಳಸಿದ್ದೂ ಇದೇ ಹಳೆಯ ಕಾಯಿದೆಯನ್ನು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು, ಸಾಮಾನು ಸುಟ್ಟರು, ಹೆಂಗಸರ ಮೈ ಪರೀಕ್ಷೆಗೂ ಹೇಸಲಿಲ್ಲ. ಸಿಟ್ಟಿಗೆದ್ದ ಚಾಪೇಕರ್ ಸಹೋದರರು 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರಿಸಿದರು. ಆ ಗಾಯದಿಂದ ರ್‍ಯಾಂಡ್ ಸತ್ತರು.

ಹಾಫ್‌ಕಿನ್ ಅವರ ದಾರಿ ಮನವೊಲಿಕೆಯದು. ಮನೆ ಒಡೆಯುವುದು, ಜನರನ್ನು ಎಳೆದೊಯ್ಯುವುದಕ್ಕಿಂತ ಒಪ್ಪಿದವರಿಗೆ ಸೂಜಿ ಹಾಕುವುದೇ ಲೇಸೆಂದು ಅವರು ವಾದಿಸಿದರು. ಈ ಕೆಲಸದಲ್ಲಿ ಜೊತೆಗೆ ನಿಂತವರು ಇಸ್ಮಾಯಿಲಿ ಮುಸಲ್ಮಾನರ ಗುರು, ಆಗಿನ್ನೂ ಇಪ್ಪತ್ತರ ಹರೆಯದ ಮೂರನೆಯ ಆಗಾ ಖಾನ್. ಅವರು ಜನರೆದುರಿಗೆ ತಾವೇ ಸೂಜಿ ಹಾಕಿಸಿಕೊಂಡರು. ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. ಗುರುವನ್ನು ನೋಡಿ ಅವರ ಸಮುದಾಯದ ಸಾವಿರಾರು ಮಂದಿ ಸೂಜಿ ಹಾಕಿಸಿಕೊಂಡರು. ಸರ್ಕಾರದ ಆಜ್ಞೆಯಿಂದ ಆಗದ್ದು ಹಿರಿಯರೊಬ್ಬರ ನಡೆಯಿಂದ ಆಯಿತು.

ಕನ್ನಡ ನಾಡಿನಲ್ಲಿ ಈ ಲಸಿಕೆಯ ದೊಡ್ಡ ಪರೀಕ್ಷೆ ನಡೆದದ್ದು ಹುಬ್ಬಳ್ಳಿಯಲ್ಲಿ. ರೈಲ್ವೆ ಕಾರ್ಖಾನೆ, ನೂಲಿನ ಗಿರಣಿ, ಹತ್ತಿ ವ್ಯಾಪಾರ ಇದ್ದ ಈ ಊರಿನಲ್ಲಿ 1898ರಲ್ಲಿ ಪ್ಲೇಗು ಹೆಚ್ಚಾದಾಗ, ಮೇ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯೊಳಗೆ ಸುಮಾರು 38 ಸಾವಿರ ಮಂದಿಗೆ ಲಸಿಕೆ ಹಾಕಲಾಯಿತು. ಅಂದಿನ ಕಾಲಕ್ಕೆ ಒಂದು ಊರಿನಲ್ಲಿ ಇಷ್ಟು ಜನಕ್ಕೆ ಸೂಜಿ ಹಾಕಿದ್ದು ಬೆರಗಿನ ಸಂಗತಿ. ಸೂಜಿ ಹಾಕಿಸಿಕೊಂಡವರಿಗೆ ಚೀಟಿ ಕೊಡುತ್ತಿದ್ದರು. ಆ ಚೀಟಿ ಇದ್ದವರಿಗೆ ಪ್ರಯಾಣದ ತಡೆಗಳಿಂದ, ಶಿಬಿರಕ್ಕೆ ಒಯ್ಯುವ ಕಾಟದಿಂದ ವಿನಾಯಿತಿ ಸಿಗುತ್ತಿತ್ತು. ಹಾಗಾಗಿ ಜನ ಒಪ್ಪಿದ್ದರಲ್ಲಿ ಲಸಿಕೆಯ ಮೇಲಿನ ನಂಬಿಕೆ ಎಷ್ಟು, ಶಿಬಿರದ ಭಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

1899ರ ಆಗಸ್ಟ್‌ನಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯ ತೆರೆಯಿತು. ಹಾಫ್‌ಕಿನ್ ಅದರ ಮುಖ್ಯಸ್ಥರಾದರು. ಮಾಂಸದ ಸಾರಿನ ಸೀಸೆಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸಿದ್ಧವಾಗಿ ದೇಶದ ಮೂಲೆ ಮೂಲೆಗೆ ಹೋಗತೊಡಗಿದವು. ಲಸಿಕೆ ತಯಾರಾಗಿದ್ದು ಲಂಡನ್ನಿನಲ್ಲೋ ಪ್ಯಾರಿಸ್‌ನಲ್ಲೋ ಅಲ್ಲ, ರೋಗ ಇದ್ದ ನೆಲದಲ್ಲೇ ಎಂಬುದು ಸಣ್ಣ ಮಾತಲ್ಲ.

ಮುಲ್ಕೋವಾಲ್ ದುರಂತ

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಆ ದಿನ 107 ಮಂದಿಗೆ ಪ್ಲೇಗಿನ ಲಸಿಕೆ ಹಾಕಿದರು. ಕೆಲ ದಿನಗಳಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಹಿಡಿದು, 19 ಮಂದಿಯೂ ತೀರಿಕೊಂಡರು. ಈ ಹತ್ತೊಂಬತ್ತೂ ಮಂದಿಗೆ ಸೂಜಿ ಹಾಕಿದ್ದು 53ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ. ಬೇರೆ ಸೀಸೆಗಳಿಂದ ಹಾಕಿಸಿಕೊಂಡ ಯಾರಿಗೂ ಧನುರ್ವಾಯು ಬರಲಿಲ್ಲ.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಸೀಸೆಯೊಳಗೆ ವಿಷ ಸೇರಿದ್ದು ಹಳ್ಳಿಯಲ್ಲಲ್ಲ, ಮುಂಬಯಿಯ ಪ್ರಯೋಗಾಲಯದಲ್ಲೇ ಎಂದು ಆಯೋಗ ತೀರ್ಮಾನಿಸಿತು. ಬೇಡಿಕೆ ಹೆಚ್ಚಿದ್ದರಿಂದ ಲಸಿಕೆ ಬೇಗ ಸಿದ್ಧವಾಗಲೆಂದು ಹಾಫ್‌ಕಿನ್ ತಯಾರಿಕೆಯ ಕ್ರಮ ಬದಲಿಸಿದ್ದರು, ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಕೈಬಿಟ್ಟಿದ್ದರು. ಅದೇ ಅವರಿಗೆ ಮುಳುವಾಯಿತು. ಅವರನ್ನು ಹುದ್ದೆಯಿಂದ ಬಿಡಿಸಲಾಯಿತು. ಎರಡು ಬಾರಿ ತಮ್ಮ ದೇಹಕ್ಕೇ ಮೊದಲ ಸೂಜಿ ಚುಚ್ಚಿಸಿಕೊಂಡ ಮನುಷ್ಯ ಹತ್ತೊಂಬತ್ತು ಹಳ್ಳಿಗರ ಸಾವಿಗೆ ಕಾರಣನೆಂಬ ಅಪವಾದ ಹೊತ್ತು ಇಂಗ್ಲೆಂಡಿಗೆ ಹೋದರು.

ಆದರೆ ಸಾಕ್ಷ್ಯಗಳು ಬೇರೆಯೇ ಹೇಳುತ್ತಿದ್ದವು. ಆ ಸೀಸೆ ತುಂಬಿದ್ದು 41 ದಿನಗಳ ಹಿಂದೆ. ಅಷ್ಟು ದಿನ ಧನುರ್ವಾಯುವಿನ ರೋಗಾಣು ಒಳಗೆ ಬೆಳೆದಿದ್ದರೆ ಮುಚ್ಚಳ ತೆಗೆದಾಗ ಕೆಟ್ಟ ವಾಸನೆ ಹೊಡೆಯಬೇಕಿತ್ತು. ಹಳ್ಳಿಯಲ್ಲಿ ಸೀಸೆ ತೆರೆದವರಿಗೆ ಅಂಥ ವಾಸನೆ ಬಂದಿರಲಿಲ್ಲ. ಇನ್ನೊಂದು ಮುಖ್ಯ ಸಂಗತಿ ವಿಚಾರಣೆಯಲ್ಲೇ ಹೊರಬಿದ್ದಿತ್ತು. ಸೀಸೆಯ ಬಿರಡೆ ಕೀಳುವ ಇಕ್ಕಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ತೆಗೆದು ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಸಗಣಿಯಲ್ಲಿ.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಕಂಡುಹಿಡಿದು ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಹಾಫ್‌ಕಿನ್ ಪರವಾಗಿ ನಿಂತರು. 1907ರ ಜುಲೈನಲ್ಲಿ ರಾಸ್, ಸಿಂಪ್ಸನ್ ಮೊದಲಾದ ಹೆಸರಾಂತ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಹಾಫ್‌ಕಿನ್ ನಿರಪರಾಧಿ ಎಂದು ಸಾರಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅವರ ಮೇಲಿನ ಆರೋಪ ತೊಡೆದುಹೋಯಿತು. ಐದು ವರ್ಷ ಬೇಕಾಯಿತು!

ಹಾಫ್‌ಕಿನ್ ಭಾರತಕ್ಕೆ ಮರಳಿದರು. ಆದರೆ ಮುಂಬಯಿಯ ತಮ್ಮ ಪ್ರಯೋಗಾಲಯಕ್ಕಲ್ಲ. ಕಲ್ಕತ್ತೆಯಲ್ಲಿ ಒಂದು ಹುದ್ದೆ ಕೊಟ್ಟರು. ಜನರ ಮೇಲೆ ಹೊಸ ಲಸಿಕೆ ಪರೀಕ್ಷಿಸಲು ಮಾತ್ರ ಅವಕಾಶ ಕೊಡಲಿಲ್ಲ. ಹಳ್ಳಿ ಬಸ್ತಿಗಳಲ್ಲಿ ತಿರುಗಿದ ಮನುಷ್ಯ ಮೇಜಿನ ಮುಂದೆ ಕೂರಬೇಕಾಯಿತು. ನಿವೃತ್ತಿಯ ನಂತರ ಫ್ರಾನ್ಸ್‌ನಲ್ಲಿ ಒಂಟಿಯಾಗಿ ಬದುಕಿದರು. ಯೆಹೂದಿ ಧರ್ಮದ ಕಟ್ಟುಪಾಡುಗಳಲ್ಲಿ ಹೆಚ್ಚು ಹೆಚ್ಚು ತೊಡಗಿಕೊಂಡರು. ಉಳಿಸಿದ ಹಣವನ್ನು ಪೂರ್ವ ಯುರೋಪಿನ ಯೆಹೂದಿ ಧರ್ಮಶಾಲೆಗಳ ವಿದ್ಯಾರ್ಥಿಗಳಿಗೆಂದು ದತ್ತಿ ಮಾಡಿದರು. 1930ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಕಣ್ಮುಚ್ಚಿದರು. ಮದುವೆಯಾಗಿರಲಿಲ್ಲ.

ಉಳಿದದ್ದು ಏನು?

ಪರೇಲ್‌ನ ಪ್ರಯೋಗಾಲಯಕ್ಕೆ 1925ರಲ್ಲಿ, ಅವರು ಬದುಕಿದ್ದಾಗಲೇ, ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಅಷ್ಟರೊಳಗೆ ಅಲ್ಲಿಂದ ಸುಮಾರು 2 ಕೋಟಿ 60 ಲಕ್ಷ ಡೋಸ್ ಪ್ಲೇಗ್ ಲಸಿಕೆ ಹೊರಗೆ ಹೋಗಿತ್ತು ಎಂಬ ಲೆಕ್ಕವಿದೆ. 1932ರಲ್ಲಿ ಸಾಹಿಬ್ ಸಿಂಗ್ ಸೋಖಿ ಅದರ ಮೊದಲ ಭಾರತೀಯ ನಿರ್ದೇಶಕರಾದರು. 1964ರಲ್ಲಿ ಭಾರತ ಸರ್ಕಾರ ಹಾಫ್‌ಕಿನ್ ಹೆಸರಿನಲ್ಲಿ ಅಂಚೆ ಚೀಟಿ ಹೊರಡಿಸಿತು. ಆ ಪ್ಲೇಗಿನ ಸುತ್ತಿನಲ್ಲಿ ಭಾರತ ಕಳೆದುಕೊಂಡದ್ದು ಒಂದು ಕೋಟಿಗೂ ಹೆಚ್ಚು ಜೀವ. ಲಸಿಕೆ ಇರದಿದ್ದರೆ ಆ ಸಂಖ್ಯೆ ಇನ್ನೂ ದೊಡ್ಡದಾಗುತ್ತಿತ್ತು. ಇಂದು ಪ್ಲೇಗು ಬಂದರೆ ಆಂಟಿಬಯಾಟಿಕ್ ಔಷಧಿಗಳಿಂದ ಗುಣಪಡಿಸಬಹುದು, ಹಳೆಯ ಲಸಿಕೆಯ ಬಳಕೆ ಹೆಚ್ಚುಕಡಿಮೆ ನಿಂತೇ ಹೋಗಿದೆ.

ಹಾಫ್‌ಕಿನ್ ಮಾಡಿದ್ದೆಲ್ಲವೂ ಇಂದಿನ ಕಣ್ಣಿಗೆ ಸರಿ ಎನ್ನಲಾಗದು. ಜೈಲಿನಲ್ಲಿರುವವನು ಒಪ್ಪಿದೆ ಎಂದರೆ ಆ ಒಪ್ಪಿಗೆಗೆ ಎಷ್ಟು ಬೆಲೆ? ಒಂದೇ ಮನೆಯ ಅರ್ಧ ಮಂದಿಗೆ ಲಸಿಕೆ ಹಾಕಿ ಉಳಿದವರನ್ನು ಬಿಟ್ಟು ನೋಡುವುದು ನ್ಯಾಯವೇ? ಮುಲ್ಕೋವಾಲ್‌ನಲ್ಲಿ ಸತ್ತ ಹತ್ತೊಂಬತ್ತು ಮಂದಿಯ ಸಾವಿಗೆ ಯಾರು ಹೊಣೆ ಎಂದು ದೊಡ್ಡವರು ವರ್ಷಗಟ್ಟಲೆ ವಾದಿಸಿದರು. ಆ ವಾದದ ಉದ್ದಕ್ಕೂ ಮಾತಾದದ್ದು ವಿಜ್ಞಾನಿಯ ಮಾನದ ಬಗ್ಗೆ, ಸತ್ತವರ ಮನೆಗಳ ಬಗ್ಗೆ ಅಲ್ಲ.

ಇಂಥ ಪ್ರಶ್ನೆಗಳಿಂದಲೇ ಇಂದಿನ ನಿಯಮಗಳು ಹುಟ್ಟಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಕೇಂದ್ರ ಸರ್ಕಾರದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಔಷಧಿ ಇಲ್ಲವೇ ಲಸಿಕೆಯ ಪರೀಕ್ಷೆಯಲ್ಲಿ ಪಾಲ್ಗೊಳ್ಳುವವರಿಗೆ ಅದರ ಒಳ್ಳೆಯದು ಕೆಟ್ಟದ್ದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಯಾವಾಗ ಬೇಕಾದರೂ ಬಿಟ್ಟು ಹೋಗುವ ಹಕ್ಕು ಅವರಿಗಿದೆ. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. 2009ರ ಜೂನ್‌ನಿಂದ ಇಂಥ ಪರೀಕ್ಷೆಗಳನ್ನು ರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಆ ದಾಖಲೆಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಗಡಿನಾಡಿನ ಹಳ್ಳಿಗಳಿಗೆ ಇದರಲ್ಲಿ ಒಂದು ವಿಶೇಷ ಅರ್ಥವಿದೆ. ಮನೆಯಲ್ಲಿ ಕನ್ನಡ, ಸರ್ಕಾರಿ ಆಸ್ಪತ್ರೆಯಲ್ಲಿ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ಎರಡೂ ಬಲ್ಲವರಿಗೆ ತೊಡಕಿಲ್ಲ. ಆದರೆ ಮನೆಯ ಅಜ್ಜಿಗೆ, ಶಾಲೆ ಕಾಣದ ಅಮ್ಮನಿಗೆ ಇನ್ನೊಂದು ಭಾಷೆಯ ಒಪ್ಪಿಗೆ ಪತ್ರ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಕನ್ನಡದಲ್ಲಿ ತಿಳಿಸಿ ಎಂದು ಕೇಳುವುದು ಹಟವಲ್ಲ, ಹಕ್ಕು. ಕಲ್ಕತ್ತೆಯ ಬಸ್ತಿಯಲ್ಲಿ ಹಾಫ್‌ಕಿನ್ ಜೊತೆ ಬಂಗಾಳಿ ವೈದ್ಯರು ಇರದಿದ್ದರೆ ಆ 116 ಮಂದಿ ಒಪ್ಪುತ್ತಿದ್ದರೇ ಎಂಬುದನ್ನು ಯೋಚಿಸಿದರೆ ಭಾಷೆಯ ಬೆಲೆ ತಿಳಿಯುತ್ತದೆ.

ಧರ್ಮ ಬಿಡಲೊಪ್ಪದೆ ಊರು ಬಿಟ್ಟು, ತಮ್ಮದಲ್ಲದ ದೇಶದ ಬಡವರ ಬಸ್ತಿಗಳಲ್ಲಿ ಸೂಜಿ ಹಿಡಿದು ತಿರುಗಿ, ಅಪವಾದ ಹೊತ್ತು, ನಿರಪರಾಧಿ ಎನಿಸಿಕೊಂಡ ಮೇಲೂ ಹಳೆಯ ಕೆಲಸಕ್ಕೆ ಮರಳಲಾಗದೆ ಹೋದವರು ಹಾಫ್‌ಕಿನ್. ಮಗುವಿಗೆ ಪೋಲಿಯೋ ಹನಿ ಹಾಕಿಸುವಾಗ, ನಾಯಿ ಕಚ್ಚಿದಾಗ ರೇಬಿಸ್ ಸೂಜಿಗೆ ಸಾಲಿನಲ್ಲಿ ನಿಲ್ಲುವಾಗ ಅವರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಆದರೆ ಬೇರೆಯವರಿಗೆ ಚುಚ್ಚುವ ಮೊದಲು ತನಗೆ ಚುಚ್ಚಿಸಿಕೊಳ್ಳಬೇಕು, ಒಪ್ಪದವನನ್ನು ಬಲವಂತ ಮಾಡಬಾರದು, ರೋಗ ಎಲ್ಲಿದೆಯೋ ಮದ್ದು ಅಲ್ಲಿಗೆ ಹೋಗಬೇಕು ಎಂದು ಅವರು ನಡೆದು ತೋರಿಸಿದ ಪಾಠ, ನೂರಿಪ್ಪತ್ತೈದು ವರ್ಷ ಕಳೆದರೂ ಹಳತಾಗಿಲ್ಲ.